ಕೊಪ್ಪೆ ಹೊದ್ದ ರಾಜಕುಮಾರಿ

ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಬೆಂಚಿನ ಮೇಲೆ ಸಾಲಾಗಿ ನಿಂತ 22 ಕಾಗದದ ರಾಜಕುಮಾರಿಯರು. ಎಲ್ಲರ ತಲೆಯ ಮೇಲೂ ಚಿನ್ನದ ಬಣ್ಣದ ಕಿರೀಟ. ಎಡದಿಂದ ಮೂರನೆಯ ಗೊಂಬೆಯ ಕಿವಿಯ ಹತ್ತಿರ ಕಾಗದ ಸ್ವಲ್ಪ ಹರಿದಿದೆ. ಹರಿದವಳು ನಾನು.

ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಶಾಲೆ. ನಾನಲ್ಲಿ ಟೀಚರ್. ನನಗೆ ನಲಿ-ಕಲಿ ತರಗತಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವುದು. ಜುಲೈ ತಿಂಗಳ ಸಂಭ್ರಮ ಶನಿವಾರಕ್ಕೆ, ಅಂದರೆ ಮಕ್ಕಳು ಬ್ಯಾಗ್ ಇಲ್ಲದೆ ಬರುವ ಚಟುವಟಿಕೆಯ ದಿನಕ್ಕೆ, ಏನು ಮಾಡಿಸೋಣ ಅಂತ ಹುಡುಕುವಾಗ ಒಂದು ವಿಡಿಯೋ ಸಿಕ್ಕಿತು. ಕಡ್ಲೆ ಪೊಟ್ಟಣದ ಹಾಗೆ ಸುತ್ತಿದ ಗೌನು, ಅದರ ತುದಿಗೆ ದುಂಡು ಮುಖ, ಮೇಲೊಂದು ಕಿರೀಟ. ನೋಡಿದ ಕೂಡಲೇ ಇದೇ ಆಗಲಿ ಅಂದುಕೊಂಡೆ.

ಶುಕ್ರವಾರ ರಾತ್ರಿ ಊಟ ಮುಗಿಸಿ ಕತ್ತರಿ ಹಿಡಿದು ಕೂತೆ. ಮೊದಲು ಕಾಲು ವೃತ್ತ ಕತ್ತರಿಸಿ ಸುತ್ತಿದೆ. ತೆಳ್ಳಗೆ ಬಂತು, ಕೈ ತಾಗಿದರೆ ಬೀಳುತ್ತಿತ್ತು. ಅರ್ಧ ವೃತ್ತದಲ್ಲಿ ಸರಿಹೋಯಿತು. 14 ಸೆಂ.ಮೀ. ತ್ರಿಜ್ಯ ಇಟ್ಟುಕೊಂಡರೆ ಬುಡದ ಅಗಲವೂ ಹತ್ತಿರಹತ್ತಿರ ಅಷ್ಟೇ ಬರುತ್ತದೆ. ಎತ್ತರ ಸುಮಾರು 12. ಗಟ್ಟಿಯಾಗಿ ಕೂರುತ್ತದೆ. ಒಂದು ಎ4 ಹಾಳೆಗೆ ಒಂದು ಗೌನು, ಉಳಿದ 7 ಸೆಂ.ಮೀ. ಪಟ್ಟಿಯಲ್ಲಿ ಕೈಗಳು. ಒಂದನ್ನು ಅಂಟಿಸಿ ಫ್ಯಾನ್ ಕೆಳಗೆ ಇಟ್ಟೆ. ಐದೇ ನಿಮಿಷದಲ್ಲಿ ಒಣಗಿತು. ಆಮೇಲೆ ಹನ್ನೆರಡು ಗಂಟೆಯವರೆಗೂ ಕೂತು 22 ಮಕ್ಕಳಿಗೂ ಗೌನು, ಮುಖ, ಕೈ, ಕಿರೀಟ ಎಲ್ಲ ಕತ್ತರಿಸಿ ಬೇರೆ ಬೇರೆ ಕವರಿಗೆ ಹಾಕಿಟ್ಟೆ. ಮಕ್ಕಳಿಗೆ ಕಷ್ಟ ಆಗಬಾರದು ಅನ್ನೋದಿತ್ತು. ನಿಜ ಹೇಳಬೇಕಂದ್ರೆ, ಫೋಟೋ ಚೆನ್ನಾಗಿ ಬರಲಿ ಅನ್ನೋದು ಅದಕ್ಕಿಂತ ಜಾಸ್ತಿ ಇತ್ತು. ಅವತ್ತಿನ ಫೋಟೋ ಅವತ್ತೇ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಹೋಗಬೇಕು. ಹೋಗದಿದ್ದರೆ ಚಟುವಟಿಕೆ ನಡೆದೇ ಇಲ್ಲ ಅಂತ ಲೆಕ್ಕ. ಮಕ್ಕಳು ಏನು ಮಾಡಿದರು ಅಂತ ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಶಾಲೆ ಮುಟ್ಟುವಾಗ ಜಡಿಮಳೆ. ಕರೆಂಟ್ ಇಲ್ಲ. ಡಬ್ಬದ ಉಪ್ಪು ನೀರಾಗುವ ತಿಂಗಳು ಅದು. ಬ್ಯಾಗಿನಿಂದ ತೆಗೆದ ಹಾಳೆಗಳು ಮೆತ್ತಗಾದ ಹಪ್ಪಳದ ಹಾಗಿದ್ದವು. ಗಮ್ ಹಚ್ಚಿ ಸುತ್ತಿದರೆ ಕೈ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ಗಮ್ ಒಣಗಬೇಕಾದರೆ ಅದರೊಳಗಿನ ನೀರು ಹೊರಗೆ ಹೋಗಬೇಕು. ಕಾಗದವೇ ನೀರು ಕುಡಿದು ಕೂತಿರುವಾಗ ಅದು ಎಲ್ಲಿಗೆ ಹೋಗಬೇಕು? ಇಷ್ಟು ವರ್ಷ ಇದೇ ಮಳೆಯಲ್ಲಿ ಬಟ್ಟೆ ಒಣಗಿಸಲು ಒದ್ದಾಡಿದ ನನಗೆ ಇದು ಹೊಳೆಯಲೇ ಇಲ್ಲ.

ಐದೂ ತಟ್ಟೆಗಳಲ್ಲಿ (ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅಂತಾರೆ) ಮಕ್ಕಳು ಗೌನು ಹಿಡಿದುಕೊಂಡು ಸುಮ್ನೆ ಕೂತಿದ್ದರು. "ಮಿಸ್, ಮುಂದೆ ಏನ್ ಮಾಡೋದು?" ಅಂತ ಒಬ್ಬ ಕೇಳಿದ. ಮುಂದೆ ಏನೂ ಇರಲಿಲ್ಲ. ಮಾಡುವುದನ್ನೆಲ್ಲ ರಾತ್ರಿ ನಾನೇ ಮಾಡಿ ಮುಗಿಸಿದ್ದೆ. ಅವರಿಗೆ ಬಿಟ್ಟಿದ್ದು ಅಂಟಿಸುವುದೊಂದೇ, ಅದೂ ಅಂಟುತ್ತಿರಲಿಲ್ಲ.

ಹೊತ್ತು ಹೋಗಲಿ ಅಂತ ಕೆಳದಿ ಚೆನ್ನಮ್ಮನ ಕಥೆ ಹೇಳಿದೆ. ನಮ್ಮ ತಾಲ್ಲೂಕಿನ ನಗರ ಅನ್ನೋ ಊರಿನ ಕೋಟೆಯನ್ನು ಮಕ್ಕಳೆಲ್ಲ ನೋಡಿದ್ದಾರೆ. ಅದು ಆಗ ಬಿದನೂರು ಅಂತಿತ್ತು, 1672ರಿಂದ 1697ರವರೆಗೆ ಚೆನ್ನಮ್ಮ ರಾಜ್ಯ ಆಳಿದಳು, ಶಿವಾಜಿಯ ಮಗ ರಾಜಾರಾಮ ಬಂದಾಗ ಔರಂಗಜೇಬನಿಗೂ ಹೆದರದೆ ಆಶ್ರಯ ಕೊಟ್ಟಳು ಅಂತೆಲ್ಲ ಹೇಳುತ್ತಿದ್ದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಕೋಟೇಲೂ ಮಳೆ ಬರ್ತದಲ್ವಾ ಮಿಸ್?" ಅಂದಳು.

"ಬರ್ತದೆ."

"ಹಂಗಾದ್ರೆ ಅವ್ರು ನೆನೆಯಲ್ವಾ?"

ನಾನು ಸರಿಯಾಗಿ ಉತ್ತರ ಕೊಡದೆ ಕಥೆ ಮುಂದುವರಿಸಿದೆ. ಅವಳು ಹಳೇ ಪುಸ್ತಕದ ಬೈಂಡಿನ ಕಂದು ಕಾಗದ ಹರಿದುಕೊಂಡು ಏನೋ ಮಡಚುತ್ತಿದ್ದುದು ಕಂಡಿತ್ತು.

ಅಷ್ಟರಲ್ಲಿ ಸಿಆರ್‌ಪಿ ಸರ್, ಅಂದರೆ ಸುತ್ತಲಿನ ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅವರ ಬೈಕಿನ ಸದ್ದು ಕೇಳಿಸಿತು. ಹೆಡ್ ಮಾಸ್ಟರ ಮೇಜಿನಿಂದ ಸ್ಟೇಪ್ಲರ್ ತಂದು ಒಬ್ಬೊಬ್ಬರ ಕೈಯಿಂದ ಗೊಂಬೆ ಕಿತ್ತುಕೊಂಡು ಹೊಡೆಯತೊಡಗಿದೆ. ಪಿನ್ನು ಎರಡು ಸಲ ಸಿಕ್ಕಿಹಾಕಿಕೊಂಡಿತು. ಸರ್ ಜಗಲಿಯಲ್ಲಿ ರೈನ್‌ಕೋಟ್ ಕೊಡವುತ್ತಿದ್ದರು. ನನ್ನ ಕೈ ನಡುಗುತ್ತಿತ್ತು. ಆ ಹುಡುಗಿಯ ಗೊಂಬೆ ಕೈಗೆ ಬಂದಾಗ ನೋಡಿದರೆ ಕಿರೀಟ ಇಲ್ಲ. ತಲೆಯಿಂದ ಬೆನ್ನಿನವರೆಗೆ ಕಂದು ಕಾಗದದ ಕೊಪ್ಪೆ. ಗದ್ದೆ ನಾಟಿಗೆ ಹೋಗುವವರು ಕಂಬಳಿ ಮಡಚಿ ಹೊದೆಯುತ್ತಾರಲ್ಲ, ಥೇಟ್ ಹಾಗೇ.

"ಇದೇನಿದು? ಕಿರೀಟ ಎಲ್ಲಿ?" ಅಂದು ಎಳೆದೆ. ಬರಲಿಲ್ಲ. ಇಡೀ ತರಗತಿಯಲ್ಲಿ ಸರಿಯಾಗಿ ಅಂಟಿದ್ದು ಅದೊಂದೇ. ಅಷ್ಟು ಹೊತ್ತೂ ಅವಳು ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ಜೋರಾಗಿ ಎಳೆದೆ. ಮುಖದ ಅಂಚು ಹರಿಯಿತು. ಕಿರೀಟ ಇಟ್ಟು ಪಿನ್ನು ಹೊಡೆದೆ.

ಅವಳು ಅಳಲಿಲ್ಲ. ನೆಲದ ಮೇಲೆ ಬಿದ್ದಿದ್ದ ಕೊಪ್ಪೆ ಎತ್ತಿಕೊಂಡು ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡಳು.

"ತುಂಬಾ ನೀಟಾಗಿದೆ ಮೇಡಂ" ಅಂದರು ಸರ್. ಫೋಟೋ ತೆಗೆದೆವು. ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದೆ ಅದು ಗ್ರೂಪಿಗೆ ಹೋಗಿದ್ದು ಸಂಜೆ ನಾನು ಮನೆಗೆ ಬಂದ ಮೇಲೆ. ಕಳಿಸುವಾಗಲೇ ಆ ಹರಿದ ಜಾಗ ಕಣ್ಣಿಗೆ ಬಿತ್ತು. ಪಾಠಕ್ಕೆ ನಿಜವಾಗಿ ಉತ್ತರ ಬರೆದ ಮಗು ಅವಳೊಬ್ಬಳೇ, ಅಲ್ವಾ? ಅದನ್ನೇ ನಾನು ತಪ್ಪು ಅಂತ ತಿದ್ದಿದ್ದೆ.

ಮಳೆಗಾಲದಲ್ಲಿ ಕಾಗದದ ಕೆಲಸ ಮಾಡಿಸುವವರಿಗೆ ಒಂದು ಮಾತು: ಗಮ್ ನಂಬಬೇಡಿ. ಮನೆಯಲ್ಲಿ ಮಾಡಿ ನೋಡಿದ್ದು ಸಾಲದು, ಶಾಲೆಯ ಕೋಣೆಯಲ್ಲೇ ಒಮ್ಮೆ ಮಾಡಿ ನೋಡಿ. ಆಗಸ್ಟಿನಲ್ಲಿ ಮತ್ತೆ ಮಾಡಿಸಿದಾಗ ಹಾಳೆಗಳನ್ನು ಹಿಂದಿನ ದಿನ ಬಚ್ಚಲ ಒಲೆಯ ಹತ್ತಿರ ಇಟ್ಟು ಒಣಗಿಸಿದೆ, ಸ್ಟೀಲ್ ಡಬ್ಬದಲ್ಲಿ ತಂದೆ. ಪೆನ್ಸಿಲ್ಲಿಗೆ ದಾರ ಕಟ್ಟಿ ಅರ್ಧ ವೃತ್ತ ಎಳೆದಿದ್ದು, ಕತ್ತರಿಸಿದ್ದು ಮಕ್ಕಳೇ. ಒಂದು ಅಂಚಿಗೆ ಮೇಲಿನಿಂದ, ಇನ್ನೊಂದಕ್ಕೆ ಕೆಳಗಿನಿಂದ ಸಣ್ಣ ಸೀಳು ಕೊಟ್ಟು ಒಂದಕ್ಕೊಂದು ಸಿಕ್ಕಿಸಿದರೆ ಗೌನು ಗಮ್ ಇಲ್ಲದೆ ನಿಲ್ಲುತ್ತದೆ. ಮುಖಕ್ಕೂ ಹಾಗೇ ಸೀಳು. ಸೊಟ್ಟಪಟ್ಟ ಬಂದವು. ಒಬ್ಬ ರಾಜಕುಮಾರಿಗೆ ಅಡಿಕೆ ಹಾಳೆಯ ಟೋಪಿ ಇಟ್ಟ. ಇನ್ನೊಬ್ಬಳದು ಬಿಳಿ ಕೂದಲಿನ ಅಜ್ಜಿ ರಾಜಕುಮಾರಿ. ಎಲ್ಲವನ್ನೂ ಚಪ್ಪರಕ್ಕೆ, ಅಂದರೆ ಮಕ್ಕಳು ಮಾಡಿದ್ದನ್ನು ತೂಗುಹಾಕಲು ತರಗತಿಯಲ್ಲಿ ಮೇಲೆ ಕಟ್ಟಿದ ದಾರಗಳಿಗೆ, ಕಟ್ಟಿದೆವು.

ಆ ಹುಡುಗಿಯ ಹತ್ತಿರ ಹೋದಾಗ ಅವಳು ಗೊಂಬೆಯ ತಲೆಯನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಅವತ್ತು ನಂದೇ ತಪ್ಪು ಪುಟ್ಟಿ. ತೆಗೆಯಲ್ಲ, ತೋರಿಸು" ಅಂದೆ.

ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕೈ ತೆಗೆದಳು. ಅದೇ ಕಂದು ಕೊಪ್ಪೆ. ಜೇಬಿನಲ್ಲಿ ಮುದುಡಿದ ಗೆರೆ ಇನ್ನೂ ಹೋಗಿರಲಿಲ್ಲ. ಈ ಸಲ ಮುಖಕ್ಕೂ ಕೊಪ್ಪೆಗೂ ಸೇರಿಸಿ, ಅಜ್ಜಿಯ ಹತ್ತಿರ ಕಪ್ಪು ದಾರದಲ್ಲಿ ಹೊಲಿಸಿಕೊಂಡು ಬಂದಿದ್ದಳು.