ಐಸ್ ಪ್ಯಾಕ್ ಬೆವರುವ ತನಕ ಕಾಯಿರಿ

ಲಸಿಕೆ ನೋಡಿಕೊಳ್ಳುವವರಿಗೆಲ್ಲ ಬಿಸಿಲಿನದೇ ಭಯ. ಆ ಭಯದಲ್ಲೇ ಪೆಂಟಾವೇಲೆಂಟ್ (ಐದು ರೋಗಗಳಿಗೊಂದೇ ಲಸಿಕೆ), ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು, ಗಂಟಲುಮಾರಿಯ ಲಸಿಕೆ) ಇವುಗಳನ್ನು ಹೆಪ್ಪುಗಟ್ಟಿಸಿ ಕೆಡಿಸುವುದುಂಟು. ಬಿಸಿ ತಾಗಿದ್ದರೆ ವಯಲ್ (ಲಸಿಕೆಯ ಪುಟ್ಟ ಸೀಸೆ) ಮೇಲಿನ ವಿವಿಎಂ ಎಂಬ ಬಣ್ಣ ಬದಲಿಸುವ ಗುರುತು ಹೇಳುತ್ತದೆ: ಒಳಚೌಕದ ಬಣ್ಣ ಹೊರವೃತ್ತಕ್ಕೆ ಸಮನಾದರೆ ಎಸೆಯಬೇಕು. ಹೆಪ್ಪುಗಟ್ಟಿದ್ದನ್ನು ಮಾತ್ರ ಅದು ತೋರಿಸುವುದಿಲ್ಲ. ಈ ಲಸಿಕೆಗಳಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಒಮ್ಮೆ ಗಂಟುಕಟ್ಟಿದರೆ ಕರಗಿದ ಮೇಲೂ ಬಿಡಿಸಿಕೊಳ್ಳುವುದಿಲ್ಲ. ಹೆಪಟೈಟಿಸ್ ಬಿ ಕೆಡಲು ಸೊನ್ನೆಯಿಂದ ಅರ್ಧ ಡಿಗ್ರಿ ಇಳಿದರೂ ಸಾಕು.

ಸುಮಾರು 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000ಕ್ಕೊಂದು ಉಪಕೇಂದ್ರ ಎಂಬುದು ಬಯಲುಸೀಮೆಯ ಲೆಕ್ಕ. ಲಸಿಕೆ ಇಡುವ ಫ್ರಿಜ್, ಅಂದರೆ ಐಎಲ್‌ಆರ್, ಸಾಮಾನ್ಯವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಮುಗಿಯುತ್ತದೆ. ಅಲ್ಲಿಂದಾಚೆ ಅಂಗನವಾಡಿಯವರೆಗೆ ಇರುವುದು ವ್ಯಾಕ್ಸಿನ್ ಕ್ಯಾರಿಯರ್ (ಐಸ್ ಪ್ಯಾಕ್ ಇಟ್ಟು ಲಸಿಕೆ ಒಯ್ಯುವ ಪೆಟ್ಟಿಗೆ) ಒಂದೇ. ಇಲ್ಲೂ ಕೆಡುವುದುಂಟು. ಬೆಳಿಗ್ಗೆ ಲಸಿಕೆ ಒಯ್ಯುವವರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಾರೆ, ಡೀಪ್ ಫ್ರೀಜರಿನಿಂದ ತೆಗೆದ ಮೈನಸ್ 15–25 ಡಿಗ್ರಿಯ ಐಸ್ ಪ್ಯಾಕ್ ನೇರ ಕ್ಯಾರಿಯರಿಗೆ ಹೋಗುತ್ತದೆ. ಹಾಗೆ ಮಾಡಬಾರದು. ಪ್ಯಾಕ್‌ಗಳನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿ. ಮೈ ಬೆವರಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ನೀರು ಕುಲುಕುವ ಸದ್ದು ಬರಬೇಕು. ಇಷ್ಟೇ ನಿಮಿಷ ಎಂದು ಗೋಡೆಗೆ ಬರೆದು ಅಂಟಿಸಿ ಪ್ರಯೋಜನವಿಲ್ಲ. ಮೇ ತಿಂಗಳ ಕಲಬುರಗಿಯ ಹೊತ್ತು ಮಳೆಗಾಲದ ಮಡಿಕೇರಿಗೆ ಸಾಲದು. ಆಮೇಲೆ ಒರೆಸಿ, ನಾಲ್ಕು ಪ್ಯಾಕ್ ನಾಲ್ಕು ಬದಿಗೆ, ವಯಲ್‌ಗಳು ಜಿಪ್ ಕವರಿನಲ್ಲಿ ನಡುವೆ. ಎಂಆರ್ (ದಡಾರ, ರುಬೆಲ್ಲಾ), ಬಿಸಿಜಿ (ಕ್ಷಯ) ಲಸಿಕೆಗಳ ಪುಡಿಗೆ ಕಲಸುವ ದ್ರವ, ಡೈಲ್ಯುಯೆಂಟ್ ಕೂಡ 24 ಗಂಟೆ ಮೊದಲೇ ಐಎಲ್‌ಆರ್ ಸೇರಿರಬೇಕು. ಕಲಸಿದ ಮೇಲೆ 4 ಗಂಟೆಯಷ್ಟೇ ಆಯುಸ್ಸು.

ಐಎಲ್‌ಆರ್‌ನಲ್ಲಿ 2ರಿಂದ 8 ಡಿಗ್ರಿ. ಅದರ ತಳ ಹೆಚ್ಚು ತಣ್ಣಗಿರುವುದರಿಂದ ಬುಟ್ಟಿಯ ಕೆಳಗೆ ಹೆಪ್ಪುಗಟ್ಟಿದರೂ ಕೆಡದ ಓಪಿವಿ (ಪೋಲಿಯೊ ಹನಿ), ಬಿಸಿಜಿ, ಎಂಆರ್. ಮೇಲೆ ಪೆಂಟಾ, ಹೆಪ್ ಬಿ, ಟಿಡಿ. ತಾಪಮಾನ ದಿನಕ್ಕೆರಡು ಸಲ, ಭಾನುವಾರವೂ ಬರೆಯಬೇಕು. ತಿಂಗಳಿಡೀ ‘4, 4, 4’ ಎಂದೇ ಇರುವ ಪುಸ್ತಕ ಕಂಡರೆ ಥರ್ಮಾಮೀಟರಿಗಿಂತ ಮೊದಲು ಬರೆದವರನ್ನು ವಿಚಾರಿಸಿ.

ಲಸಿಕೆ ಹೆಪ್ಪುಗಟ್ಟಿತ್ತೇನೋ ಎಂಬ ಅನುಮಾನ ಬಂದರೆ ಶೇಕ್ ಟೆಸ್ಟ್ ಮಾಡಿ. ಅದೇ ಲಸಿಕೆಯ, ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ, ಕರಗಿಸಿ, ಅನುಮಾನದ ವಯಲಿನ ಜೊತೆ ಹಿಡಿದು ಅಲ್ಲಾಡಿಸಿ, ಪಕ್ಕಪಕ್ಕ ಇಟ್ಟು ಸುಮಾರು ಅರ್ಧ ಗಂಟೆ ನೋಡಿ. ಎರಡರಲ್ಲೂ ಗಸಿ ಒಂದೇ ವೇಗದಲ್ಲಿ ಕೂತರೆ, ಅಥವಾ ಅನುಮಾನದ್ದೇ ಬೇಗ ಕೂತರೆ, ಅದರ ಜೊತೆಯಲ್ಲಿದ್ದ ವಯಲ್‌ಗಳನ್ನೂ ಬಳಸುವಂತಿಲ್ಲ.