ಅಪ್ಪ ಜೈಲಲ್ಲಿ, ಮಗುವಿನ ಆರೋಗ್ಯದ ಲೆಕ್ಕ ಹೇಗೆ?

ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟಿನ್ ಟರ್ನಿ 2014ರಲ್ಲಿ ಮಕ್ಕಳ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆಯನ್ನು (2011–12) ಜಾಲಾಡಿದಾಗ, ಹೆತ್ತವರ ಸೆರೆವಾಸಕ್ಕೂ ಮಕ್ಕಳ ಕಲಿಕೆಯ ತೊಂದರೆ, ಗಮನದ ಕೊರತೆ, ಮಾತಿನ ತೊಡಕುಗಳಿಗೂ ನಂಟು ಕಂಡಿತು.

ಆದರೆ ಬಡತನ, ಒಡೆದ ಸಂಸಾರ, ಮನೆಯೊಳಗಿನ ಹೊಡೆತ-ಬಡಿತ ಜೈಲಿಗೆ ಮೊದಲೇ ಇದ್ದಿರಬಹುದು. ಒಂದೇ ಸಲದ ಸಮೀಕ್ಷೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸುವುದು ಕಷ್ಟ. 1998–2000ರಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ಹುಟ್ಟಿದ ಸುಮಾರು 4,900 ಮಕ್ಕಳನ್ನು 1, 3, 5, 9, 15ನೇ ವಯಸ್ಸಿನ ಹೊತ್ತಿಗೆ ಮತ್ತೆ ಮತ್ತೆ ವಿಚಾರಿಸಿದ ‘ಫ್ರಾಜೈಲ್ ಫ್ಯಾಮಿಲೀಸ್’ ಅಧ್ಯಯನಕ್ಕೆ ಬೆಲೆ ಬರುವುದು ಅದಕ್ಕೇ.

ಸಮೀಕ್ಷೆಯಲ್ಲಿ ಕೇಳುವ ಪ್ರಶ್ನೆಯ ಒಕ್ಕಣೆಯನ್ನೂ ನೋಡಬೇಕು. ‘ಮಗು ಜೊತೆಗೆ ವಾಸವಿದ್ದ’ ಹೆತ್ತವರ ಬಗ್ಗೆ ಮಾತ್ರ ಕೇಳಿದರೆ ಬೇರೆ ಮನೆಯಲ್ಲಿದ್ದ ಅಪ್ಪ ಲೆಕ್ಕಕ್ಕೇ ಸಿಗುವುದಿಲ್ಲ. ವಿಚಾರಣೆಗೆಂದು ನಾಲ್ಕು ದಿನ ಒಳಗಿದ್ದವನೂ ವರ್ಷಗಟ್ಟಲೆ ಶಿಕ್ಷೆ ಅನುಭವಿಸಿದವನೂ ಒಂದೇ ‘ಹೌದು’ ಆಗಿಬಿಡುತ್ತಾರೆ. ನನ್ನ ಪ್ರಕಾರ ದೊಡ್ಡ ದೋಷ ಇದೇ.