ವಿಯೆಟ್ನಾಂನಲ್ಲಿ ನೀವು ಏನು ತಿಂದಿರಿ?

2023ರ ಆಗಸ್ಟ್‌ನಲ್ಲಿ ನಾನು ಮತ್ತು ನನ್ನ ಅಕ್ಕ ವಿಯೆಟ್ನಾಂಗೆ ಹೋಗಿ ಇಪ್ಪತ್ತು ದಿನ ಇದ್ದು ಬಂದೆವು. ಅಂದಿನಿಂದ ಮದುವೆಮನೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕ ಕುಳಿತವರು, ದೂರದ ನೆಂಟರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಅಲ್ಲಿ ಎಲ್ಲದಕ್ಕೂ ಮೀನು ಹಾಕುತ್ತಾರಂತಲ್ಲ, ನೀವು ಏನು ತಿಂದಿರಿ?” ನಾವು ಮಲೆನಾಡಿನ ಸಾಗರದ ಕಡೆಯ ಅಡಿಕೆ ತೋಟದ ಮನೆಯವರು, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಆದ್ದರಿಂದ ಪ್ರಶ್ನೆ ಸಹಜವೇ. ಆದರೆ ಕೆಲವರ ಬಾಯಲ್ಲಿ ಅದರ ಜೊತೆಗೆ ಹಾವು, ನಾಯಿ, ಕಪ್ಪೆಗಳ ಹೆಸರೂ ಸೇರಿಕೊಂಡು, ಆ ಜನರ ಮೇಲಿನ ತಾತ್ಸಾರ ಎದ್ದು ಕಾಣುತ್ತದೆ. ಅದು ನನಗೆ ನೋವು ಕೊಡುತ್ತದೆ. ನಿಂತಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ.

ನಾವು ಅಲ್ಲಿ ಹಸಿದುಕೊಂಡಿದ್ದದ್ದು ಒಂದೇ ಹೊತ್ತು, ಅದೂ ಮೊದಲನೆಯ ದಿನ, ಹನೋಯ್‌ನಲ್ಲಿ. ಹಳೆಯ ಪೇಟೆಯ ಒಂದು ಅಂಗಡಿಯ ಮುಂದೆ, ಫುಟ್‌ಪಾತಿನ ಮೇಲೆ ಹಾಕಿದ್ದ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಳಿತು, “ಮಾಂಸ ಬೇಡ” ಎಂದು ಫೋನಿನಲ್ಲಿ ಅನುವಾದಿಸಿ ತೋರಿಸಿದೆವು. ಅಂಗಡಿಯಾಕೆ ತಲೆಯಾಡಿಸಿ ಎರಡು ಬಟ್ಟಲು ಫೋ ತಂದಿಟ್ಟರು. ಬಟ್ಟಲಿನಲ್ಲಿ ಮಾಂಸದ ಚೂರು ಇರಲಿಲ್ಲ, ನಿಜ. ಆದರೆ ಫೋ ಎಂದರೆ ಅಕ್ಕಿಯ ಪಟ್ಟಿಗಳ ಮೇಲೆ ಹೊಯ್ಯುವ ಆ ಸಾರು. ದನದ ಎಲುಬನ್ನು ಗಂಟೆಗಟ್ಟಲೆ ಕುದಿಸಿ, ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಅನಾನಸ್ ಹೂವು ಹಾಕಿ ಇಳಿಸಿದ ಸಾರು. ಮಾಂಸ ಬೇಡ ಎಂದವರಿಗೆ ಚೂರುಗಳನ್ನು ತೆಗೆದುಕೊಟ್ಟ ಆಕೆಯದು ತಪ್ಪಲ್ಲ, ನಾವು ಕೇಳಿದ್ದು ಅಷ್ಟನ್ನೇ. ಹಣ ಕೊಟ್ಟು ಎದ್ದೆವು. ತಿನ್ನದೆ ಎದ್ದುದನ್ನು ನೋಡಿ ಆಕೆಯ ಮುಖ ಸಣ್ಣದಾದುದು ನನಗೆ ಹಸಿವಿಗಿಂತ ಹೆಚ್ಚಾಗಿ ಕಾಡಿತು.

ನಾವು ಇಳಿದುಕೊಂಡಿದ್ದ ಮನೆಯ ಒಡತಿ ಆ ರಾತ್ರಿ ನಮಗೆ ಒಂದು ಪದ ಕಲಿಸಿದರು: ಚಯ್, ಎಂದರೆ ಸಸ್ಯಾಹಾರದ ಊಟ. ನಮ್ಮ ಚಹಾದ ಹಾಗೆ ದೀರ್ಘ ಎಳೆಯದೆ, ಮೊಟಕಾಗಿ ಹೇಳಬೇಕು. “ತೋಯ್ ಅನ್ ಚಯ್” ಎಂದರೆ ನಾನು ಚಯ್ ಉಣ್ಣುತ್ತೇನೆ ಎಂದು ಅರ್ಥ. ವಿಯೆಟ್ನಾಮಿನವರು ತಮ್ಮ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದರಿಂದ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರಗಳನ್ನು ಬೋರ್ಡಿನ ಮೇಲೆ ಹುಡುಕುವುದು ನಮಗೆ ಕಷ್ಟವಾಗಲಿಲ್ಲ. ಮರುದಿನದಿಂದ ಆ ಅಕ್ಷರಗಳು ಎಲ್ಲೆಲ್ಲೂ ಕಾಣತೊಡಗಿದವು; ನಾವು ಫೋ ತಿನ್ನದೆ ಎದ್ದುಬಂದ ಅಂಗಡಿಯ ಹಿಂದಿನ ಬೀದಿಯಲ್ಲಿಯೇ ಒಂದು ಚಯ್ ಊಟದ ಮನೆ ಇತ್ತು.

ಮಾಂಸ ಬೇಡ ಎನ್ನುವುದಕ್ಕೂ ಚಯ್ ಎನ್ನುವುದಕ್ಕೂ ಇರುವ ಅಂತರ ದೊಡ್ಡದು. ಆ ದೇಶದ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಇರುವುದು ಬಹುತೇಕ ನುವೊಕ್ ಮಮ್. ಚಿಕ್ಕ ಚಿಕ್ಕ ಮೀನುಗಳನ್ನು ಉಪ್ಪಿನೊಡನೆ ದೊಡ್ಡ ಮರದ ಪೀಪಾಯಿಗಳಲ್ಲಿ ಒಂದು ವರ್ಷದಷ್ಟು ಕಾಲ ಕೊಳೆಯಿಸಿ ಇಳಿಸುವ ರಸ ಅದು, ಫು ಕ್ವೊಕ್ ದ್ವೀಪದ್ದು ಹೆಸರುವಾಸಿ. ಬರೀ ಸೊಪ್ಪು ಹುರಿದುಕೊಟ್ಟರೂ ಅದರಲ್ಲಿ ಒಂದು ಚಮಚ ಬಿದ್ದಿರುತ್ತದೆ. ಮಾಂಸ ಬೇಡ ಎಂದರೆ ಯಾರಿಗೂ ಆ ರಸ ನೆನಪಾಗುವುದಿಲ್ಲ, ನಾವು ಉಪ್ಪನ್ನು ಲೆಕ್ಕಕ್ಕೆ ಹಿಡಿಯದ ಹಾಗೆ. ಚಯ್ ಎಂದ ಕೂಡಲೇ ಅದೂ ಹೋಗುತ್ತದೆ, ಸೋಯಾ ರಸ ಬರುತ್ತದೆ. ಏಕೆಂದರೆ ಚಯ್ ಎಂಬುದು ಬೌದ್ಧರ ವ್ರತದ ಮಾತು. ಕಟ್ಟುನಿಟ್ಟಾಗಿ ನಡೆಸುವ ಮಠದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗಳೂ ಇರುವುದಿಲ್ಲ. ಅಕ್ಕ ಮೂರನೆಯ ದಿನ ಒಂದು ತುತ್ತು ಬಾಯಿಗಿಟ್ಟು, “ಇದು ಮಠದ ಊಟದ ರುಚಿ ಕಣೇ” ಎಂದಳು. ಅವಳು ಏನು ಹೇಳುತ್ತಿದ್ದಾಳೆಂದು ಆಮೇಲೆ ನನಗೆ ತಿಳಿಯಿತು.

ಇನ್ನು ತಿಂಡಿಗಳ ಮಾತು. ಬೆಳಿಗ್ಗೆ ಹನೋಯ್‌ನ ಬೀದಿಗಳಲ್ಲಿ ಬುಟ್ಟಿಯಿಟ್ಟುಕೊಂಡ ಹೆಂಗಸರು ಸೋಯ್ ಮಾರುತ್ತಾರೆ. ಅಂಟಕ್ಕಿಯ ಅನ್ನದ ಜೊತೆ ಕಡಲೆಕಾಯಿಯೋ ಹೆಸರುಬೇಳೆಯೋ ಬೆರೆತದ್ದು, ಬಾಳೆಲೆಯಲ್ಲಿ ಸುತ್ತಿಕೊಡುತ್ತಾರೆ. ಮೇಲೆ ಉದುರಿಸುವ ಹುರಿದ ಈರುಳ್ಳಿ, ಮಾಂಸದ ಪುಡಿ ಬೇಡವೆಂದರೆ ಆಯಿತು. ಬುನ್ ಎಂದು ಅವರು ಕರೆಯುವುದು ನಮ್ಮ ಒತ್ತು ಶಾವಿಗೆಯೇ. ನಾವು ಅದಕ್ಕೆ ಕಾಯಿಹಾಲನ್ನೋ ಒಗ್ಗರಣೆಯನ್ನೋ ಹಾಕಿದರೆ, ಅವರು ಹುರಿದ ತೋಫು, ಹಸಿ ಸೊಪ್ಪುಗಳು, ಕುಟ್ಟಿದ ಕಡಲೆಕಾಯಿ ಹಾಕಿ, ಹುಳಿಸಿಹಿಯ ರಸ ಸುರಿಯುತ್ತಾರೆ. ಬಾನ್ ಸೆಯೋ ಅಕ್ಕಿಹಿಟ್ಟಿಗೆ ಅರಿಶಿನ ಬೆರೆಸಿ ಹೊಯ್ಯುವ ದೋಸೆ. ಹಿಟ್ಟು ಬಾಣಲೆಗೆ ಬಿದ್ದಾಗ ಏಳುವ ಸದ್ದೇ ಅದರ ಹೆಸರು, ನಮ್ಮಲ್ಲಿ ಚೊಂಯ್ ಎನ್ನುವ ಹಾಗೆ. ಚಯ್ ಅಂಗಡಿಯಲ್ಲಿ ಸೀಗಡಿ, ಹಂದಿಮಾಂಸದ ಬದಲು ಅಣಬೆ, ಮೊಳಕೆಕಾಳು ಒಳಗಿರುತ್ತವೆ. ಚಟ್ನಿ ಇಲ್ಲ, ದೋಸೆಯನ್ನು ಮುರಿದು, ಪುದೀನ ಮತ್ತು ಹೆಸರೇ ತಿಳಿಯದ ನಾಲ್ಕಾರು ಸೊಪ್ಪುಗಳ ಜೊತೆ ಲೆಟಿಸ್ ಎಲೆಯಲ್ಲಿ ಸುತ್ತಿ ರಸದಲ್ಲಿ ಅದ್ದಿಕೊಂಡು ತಿನ್ನಬೇಕು. ಹೆಸರುಬೇಳೆಗೆ ತೆಂಗಿನಹಾಲು ಸೇರಿಸಿದ ಚೆ ಎಂಬ ಸಿಹಿಯನ್ನು ಕುಡಿದಾಗ ನಮಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ, ಅದು ಏಲಕ್ಕಿಯಿಲ್ಲದ ಹೆಸರುಬೇಳೆ ಪಾಯಸ. ಕಾಫಿ ಗಟ್ಟಿ, ರೋಬಸ್ಟಾ, ಫಿನ್ ಎಂಬ ಪುಟ್ಟ ಫಿಲ್ಟರಿನಿಂದ ಲೋಟದೊಳಗಿನ ಮಂದ ಸಿಹಿಹಾಲಿನ ಮೇಲೆ ತೊಟ್ಟಿಕ್ಕುತ್ತದೆ. ಅಕ್ಕನಿಗೆ ಕೊರತೆಯಾದದ್ದು ಮಜ್ಜಿಗೆ ಒಂದೇ. ಅಲ್ಲಿ ಸಿಗುವ ಮೊಸರೂ ಸಿಹಿ.

ಆದರೆ ನಾನು ಹೇಳಬೇಕೆಂದಿರುವುದು ಹ್ವೆ ನಗರದ ಮಾತು. ಹನೋಯ್‌ನಿಂದ ರೈಲಿನಲ್ಲಿ ಸುಮಾರು 690 ಕಿಲೋಮೀಟರ್ ದಕ್ಷಿಣಕ್ಕೆ, ಒಂದು ರಾತ್ರಿಯ ಪಯಣ. 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಊರು ಅದು, ಬೌದ್ಧ ಮಠಗಳ ಊರು ಕೂಡ. ಹದಿನಾರನೆಯ ವಯಸ್ಸಿಗೆ ಹೆಸರಾಂತ ಬೌದ್ಧ ಗುರು ತಿಕ್ ನ್ಯಾತ್ ಹಾನ್ ಸನ್ಯಾಸ ಹಿಡಿದ, ದೇಶಾಂತರದಲ್ಲಿ ದಶಕಗಳನ್ನು ಕಳೆದು 2018ರಲ್ಲಿ ಮರಳಿ ಬಂದು 2022ರ ಜನವರಿಯಲ್ಲಿ ಕಣ್ಣು ಮುಚ್ಚಿದ ತು ಹ್ಯೆವ್ ಮಠ ಇರುವುದು ಇಲ್ಲಿಯೇ. ಚಯ್ ಅಡುಗೆ ಒಂದು ಕಲೆಯಾಗಿ ಬೆಳೆದದ್ದೂ ಈ ಊರಿನಲ್ಲಿ.

ಊರಿನ ಅಂಚಿನಲ್ಲಿ, ಹೂಂಗ್ ನದಿಯ ದಂಡೆಯ ಒಂದು ತೋಟದ ಮನೆಯಲ್ಲಿ ನಾವು ಉಳಿದುಕೊಂಡೆವು. ಬಾಗಿಲಿನಲ್ಲಿಯೇ ಅಕ್ಕ ನಿಂತುಬಿಟ್ಟಳು. ಅಂಗಳದಲ್ಲಿ ಅಡಿಕೆ ಮರಗಳ ಸಾಲು, ಅವುಗಳಿಗೆ ಹಬ್ಬಿದ ವೀಳ್ಯದೆಲೆ ಬಳ್ಳಿ, ಪಕ್ಕದಲ್ಲಿ ಕಾಯಿ ತೂಗುವ ಚಕ್ಕೋತದ ಮರಗಳು, ಹಿತ್ತಲಲ್ಲಿ ಬಾಳೆ. “ಮುಂದೆ ಅಡಿಕೆ, ಹಿಂದೆ ಬಾಳೆ” ಎಂದು ಅವರಲ್ಲೊಂದು ಮಾತೇ ಇದೆಯಂತೆ, ಮನೆ ಹೀಗಿರಬೇಕು ಎಂದು. ಮನೆಯೊಡತಿಯ ತಾಯಿ, ಎಂಬತ್ತು ದಾಟಿದವರು, ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರು ನೀಡಿದ ಎಲೆಯಡಿಕೆಯನ್ನು ಅಕ್ಕ ಎರಡು ಕೈಯಲ್ಲಿ ತೆಗೆದುಕೊಂಡು, ನಮ್ಮ ಮನೆಯಲ್ಲಿ ಮಾಡುವಂತೆಯೇ ತೊಟ್ಟು ಮುರಿದು ಬಾಯಿಗಿಟ್ಟಳು. ಎಲೆಯಡಿಕೆಯೇ ಮಾತಿನ ಮೊದಲು ಎಂಬ ಗಾದೆಯೂ ಅವರಲ್ಲಿದೆ. ಒಂದು ಪದವೂ ಗೊತ್ತಿಲ್ಲದ ಇಬ್ಬರು ಆ ದಿನ ಅರ್ಧ ಗಂಟೆ ಕುಳಿತು ಮಾತಾಡಿಕೊಂಡರು.

ಮನೆಯೊಡತಿ ನಮ್ಮ ವಯಸ್ಸು ಕೇಳಿದರು. ವಿಯೆಟ್ನಾಮಿನಲ್ಲಿ ಇದು ಅಧಿಕಪ್ರಸಂಗವಲ್ಲ. ವಯಸ್ಸು ತಿಳಿಯದೆ ಅವರು ಒಂದು ವಾಕ್ಯವನ್ನೂ ಸರಿಯಾಗಿ ಆಡಲಾರರು, ಏಕೆಂದರೆ ನಾನು, ನೀನು ಎಂಬ ಪದಗಳ ಜಾಗದಲ್ಲಿ ಅಣ್ಣ, ಅಕ್ಕ, ತಂಗಿ, ಅತ್ತೆ, ಅಜ್ಜಿ ಎಂಬ ಪದಗಳೇ ನಡೆಯುತ್ತವೆ. ನನಗಿಂತ ದೊಡ್ಡವರೂ ಅಕ್ಕನಿಗಿಂತ ಚಿಕ್ಕವರೂ ಆದ ಅವರು, ಅಕ್ಕನನ್ನು ಚಿ ಎಂದರು, ಎಂದರೆ ಅಕ್ಕ. ನನ್ನನ್ನು ಎಮ್ ಎಂದರು, ಎಂದರೆ ತಂಗಿ. ಅಜ್ಜಿಯನ್ನು ನಾವು, ಮನೆಯ ಮಕ್ಕಳಂತೆ, ಹ್ವೆ ಊರಿನ ಆಡುಮಾತಿನಲ್ಲಿ ಮೆ ಎಂದು ಕರೆದೆವು. ದಿನವೂ ಎದುರಾದಾಗ ಅಜ್ಜಿ ಕೇಳುತ್ತಿದ್ದುದು “ಅನ್ ಕಮ್ ಚುವಾ?”, ಅದರ ಅರ್ಥ “ಊಟ ಆಯಿತಾ?” ಎಂದು ತಿಳಿದ ಮೇಲೆ ನಮಗೆ ಪರದೇಶದಲ್ಲಿರುವ ಭಾವವೇ ಹೋಯಿತು.

ನಾವು ಚಯ್ ಉಣ್ಣುವವರೆಂದು ಹೇಳಿದಾಗ ಮನೆಯೊಡತಿ ಗೋಡೆಯ ಪಂಚಾಂಗದ ಕಡೆ ನೋಡಿದರು. ಅಲ್ಲಿನ ಬಹಳ ಮಂದಿ ಚಾಂದ್ರಮಾಸದ ಮೊದಲನೆಯ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹುಣ್ಣಿಮೆಯಂದು, ಚಯ್ ಉಣ್ಣುತ್ತಾರೆ. ಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು. ಕಾಲೇಜಿನಲ್ಲಿ ಓದುವ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: ಯಾವ ಹರಕೆಗಾಗಿ? ಎಷ್ಟು ದಿನ? ಹುಟ್ಟಿದಾಗಿನಿಂದ ಎಂದೆವು. ಅಜ್ಜಿ ಎಲೆಯಡಿಕೆ ಪಕ್ಕಕ್ಕಿಟ್ಟು ನಮಗೆ ಕೈ ಮುಗಿದರು. ಬಾಳಿಡೀ ಚಯ್ ನಡೆಸುವುದಕ್ಕೆ ಅವರಲ್ಲಿ ಬೇರೆಯೇ ಪದವಿದೆ, ಅದು ಹೆಚ್ಚಾಗಿ ಸನ್ಯಾಸಿಗಳಿಗೆ ಸಲ್ಲುವ ಪದ. ಅಕ್ಕ ಗಾಬರಿಯಾಗಿ ಅಜ್ಜಿಯ ಕೈಗಳನ್ನು ಹಿಡಿದುಕೊಂಡು, “ಹೇಳೇ ಅವರಿಗೆ, ನಾವೇನೂ ಬಿಟ್ಟದ್ದಲ್ಲ, ನಮಗೆ ಕೊಟ್ಟೇ ಇರಲಿಲ್ಲ ಅಂತ” ಎಂದಳು.

ಅದನ್ನು ಹೇಳುವುದು ಸುಲಭವಾಗಲಿಲ್ಲ. ನಮ್ಮಲ್ಲಿ ಏನು ಉಣ್ಣುತ್ತಾರೆ ಎಂಬುದು ಬಹಳ ಮಟ್ಟಿಗೆ ಯಾವ ಮನೆಯಲ್ಲಿ, ಯಾವ ಜಾತಿಯಲ್ಲಿ ಹುಟ್ಟಿದ್ದೇವೆ ಎಂಬುದರಿಂದ ತೀರ್ಮಾನವಾಗುತ್ತದೆ ಎಂದು ನಾನು ವಿವರಿಸಿದೆ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಬೇರೆಯವರ ಮನೆಯಲ್ಲಿ ಊಟ ಮಾಡುವುದು ಹೇಗೆ?” ಎಂದಳು. ನಮ್ಮ ಅಜ್ಜಿ ಬೇರೆಯವರ ಮನೆಯಲ್ಲಿ ನೀರನ್ನೂ ಕುಡಿದವರಲ್ಲ. ಅಕ್ಕ ಉತ್ತರ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ತಿಂಗಳಿಗೆರಡು ದಿನ ಮನಸ್ಸು ಮಾಡಿ ಬಿಡುವುದನ್ನು ನಾವು ಹುಟ್ಟಿನಿಂದ ಪಡೆದು ಹೆಮ್ಮೆಪಟ್ಟುಕೊಂಡಿದ್ದೆವಲ್ಲ ಎಂದು ನನಗೆ ಮೊದಲ ಬಾರಿಗೆ ಅನಿಸಿತು. ಆ ಹೊತ್ತಿಗೆ ಮನೆಯೊಡತಿ, ನಾವು ಕೇಳದೆಯೇ, ಬಾಣಲೆಯನ್ನು ಎರಡು ಸಲ ತಿಕ್ಕಿ ತೊಳೆದು ಹೊಸ ಎಣ್ಣೆ ಹಾಕಿ ಒಲೆಗಿಟ್ಟಿದ್ದರು.

ಆ ಹುಣ್ಣಿಮೆ ಸಾಮಾನ್ಯವಾದುದಲ್ಲ. ಏಳನೆಯ ಚಾಂದ್ರಮಾಸದ ಹುಣ್ಣಿಮೆಯನ್ನು ಅವರು ವು ಲಾನ್ ಎಂದು ಆಚರಿಸುತ್ತಾರೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ, ಹಸಿದ ಪ್ರೇತವಾಗಿ ನರಳುತ್ತಿದ್ದ ತಾಯಿಯನ್ನು ಸಂಘಕ್ಕೆ ದಾನ ಕೊಟ್ಟು ಬಿಡಿಸಿದ ಕಥೆ ಇದರ ಹಿಂದಿದೆ. ತಾಯಿತಂದೆಯರನ್ನು, ಅಗಲಿದ ಹಿರಿಯರನ್ನು ನೆನೆಯುವ ದಿನ ಅದು. ತಿಂಗಳುಗಳನ್ನು ಎಣಿಸಿ ನೋಡಿದರೆ ಅದು ನಮ್ಮ ಶ್ರಾವಣದ ಹುಣ್ಣಿಮೆ. 2023ರಲ್ಲಿ ಆಗಸ್ಟ್ 30ರಂದು ಅಲ್ಲಿ ವು ಲಾನ್ ನಡೆಯುತ್ತಿರುವಾಗ ಇಲ್ಲಿ ನೂಲು ಹುಣ್ಣಿಮೆ. ಬೆಳಿಗ್ಗೆ ಮಠದ ಬಾಗಿಲಲ್ಲಿ ಬಂದವರೆಲ್ಲರ ಎದೆಗೆ ಒಂದೊಂದು ಗುಲಾಬಿ ಸಿಕ್ಕಿಸುತ್ತಿದ್ದರು: ತಾಯಿ ಇದ್ದವರಿಗೆ ಕೆಂಪು, ಇಲ್ಲದವರಿಗೆ ಬಿಳಿ. ತಿಕ್ ನ್ಯಾತ್ ಹಾನ್ 1962ರಲ್ಲಿ ಬರೆದ ಒಂದು ಬರಹದಿಂದ ಹರಡಿದ ಪದ್ಧತಿ ಇದು. ನಾವಿಬ್ಬರೂ ಬಿಳಿಯ ಹೂವು ತೆಗೆದುಕೊಂಡೆವು. ಮನೆಯೊಡತಿ ಕೆಂಪು ಹೂವಿನವರು, ಅಜ್ಜಿ ನಮ್ಮಂತೆ ಬಿಳಿ ಹೂವಿನವರು. ಅಕ್ಕನ ಹೂವನ್ನು ತೋರಿಸಿ, ತಮ್ಮದನ್ನು ತೋರಿಸಿ, ಅಜ್ಜಿ ಅವಳ ಬೆನ್ನು ಸವರಿದರು.

ಮಧ್ಯಾಹ್ನ ಚಾಪೆಯ ಮೇಲೆ ಹನ್ನೊಂದು ಬಗೆ ಬಡಿಸಿದರು. ಊಟಕ್ಕೆ ಮೊದಲು ಮನೆಯ ಚಿಕ್ಕ ಹುಡುಗ ಒಬ್ಬೊಬ್ಬ ಹಿರಿಯರನ್ನೂ ಕ್ರಮವಾಗಿ ಹೆಸರಿಸಿ, ಊಟ ಮಾಡಿ ಎಂದು ಕರೆದ. ಆ ಸಾಲಿನಲ್ಲಿ ನಾವೂ ಇದ್ದೆವು. ಎಳೆಯ ಹಲಸಿನಕಾಯಿಯನ್ನು ಬೇಯಿಸಿ ಬಿಡಿಸಿ ಎಳ್ಳು, ಕಡಲೆಕಾಯಿ, ಸೊಪ್ಪು ಬೆರೆಸಿದ ಕಲಸು ಇತ್ತು, ಎತ್ತಿಕೊಳ್ಳಲು ಎಳ್ಳು ಹಚ್ಚಿದ ಅಕ್ಕಿಹಪ್ಪಳ. ನಡುವೆ ಒಂದು ತಟ್ಟೆಯಲ್ಲಿ ಕಣ್ಣು, ಬಾಲ, ಚರ್ಮವೆಲ್ಲ ಇದ್ದ ಇಡೀ ಮೀನು. ಸೋಯಾ ಹಾಲಿನ ಕೆನೆಯಿಂದ ಮಾಡಿದ್ದು. ಉಳಿದ ದಿನಗಳಲ್ಲಿ ಮೀನು ತಿನ್ನುವವರು ಹಬ್ಬದ ದಿನ ತಟ್ಟೆ ಬರಿದಾಗಿ ಕಾಣದಿರಲಿ ಎಂದು ಇಷ್ಟು ಕಷ್ಟಪಡುತ್ತಾರೆ. ನಾನು ತಿಂದೆ, ರುಚಿಯಾಗಿತ್ತು. ಅಕ್ಕನಿಗೆ ಆ ಆಕಾರವನ್ನು ಮುಟ್ಟಲಾಗಲಿಲ್ಲ. ಮನೆಯೊಡತಿ ಬೇಸರಿಸಿಕೊಳ್ಳದೆ ತಟ್ಟೆಯನ್ನು ಸರಿಸಿ, ಬಾಳೆಹೂವಿನ ಬಟ್ಟಲನ್ನು ಅವಳ ಮುಂದಿಟ್ಟರು.

ಬಾಳೆಹೂವನ್ನು ನಮ್ಮಲ್ಲಿ ಹೆಚ್ಚಿ ಮಜ್ಜಿಗೆ ನೀರಿನಲ್ಲಿ ನೆನೆಸಿ ಪಲ್ಯ ಮಾಡುತ್ತೇವೆ. ಅವರು ಕೂದಲೆಳೆಯಂತೆ ಹೆಚ್ಚಿ, ಕಪ್ಪಾಗದಿರಲೆಂದು ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ನೆನೆಸಿ, ಬೇಯಿಸದೆ ಹಾಗೆಯೇ ಸೊಪ್ಪು, ಕಡಲೆಕಾಯಿ, ಮೆಣಸಿನಕಾಯಿ ಬೆರೆಸುತ್ತಾರೆ. ಅಕ್ಕ ಮೂರು ಸಲ ಹಾಕಿಸಿಕೊಂಡಳು. ಎಷ್ಟು ಹೊತ್ತು ನೆನೆಸಬೇಕು, ಯಾವ ಪದರದವರೆಗೆ ಬಿಡಿಸಿ ಎಸೆಯಬೇಕು ಎಂಬುದನ್ನೆಲ್ಲ ಹುಡುಗಿಯಿಂದ ಕೇಳಿಸಿ ಬರೆದುಕೊಂಡಳು. ಈಗ ನಮ್ಮ ಮನೆಯಲ್ಲಿ ನೂಲು ಹುಣ್ಣಿಮೆಯ ದಿನ ಅದು ಆಗಲೇಬೇಕು. ನೀವು ಏನು ತಿಂದಿರಿ ಎಂದು ಕೇಳಿಕೊಂಡು ಆ ದಿನ ಮನೆಗೆ ಬಂದವರಿಗೆ, ಅವರು ಯಾವ ಮನೆಯವರೇ ಆಗಿರಲಿ, ಅಕ್ಕ ಚಾಪೆ ಹಾಸಿ ಅದನ್ನೇ ಬಡಿಸುತ್ತಾಳೆ.